ದಯವಿಟ್ಟು

ಹನ್ನೊಂದೇ ಸೆಕೆಂಡಿನ ವಿಡಿಯೊ.
ಖಾಕಿ ಅಂಗಿ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು.
ಸೀಟಿನಲ್ಲಿ ಕುಗ್ಗಿ ಕೂತ ಮುದುಕಿಯ ಮುಖಕ್ಕೆ ಬಾಗಿ
ಒಬ್ಬ ಬೊಬ್ಬೆ ಹೊಡೆಯುತ್ತಿದ್ದಾನೆ:
"ಈರೆಗ್ ಕೆಬಿ ಕೇನುಜ್ಜಾ? ಜಪ್ಪುಲೆ!"
ಕಿವಿ ಕೇಳುವುದಿಲ್ಲವಾ, ಇಳಿಯಿರಿ ಎಂದು
ತುಳು ಬಾರದವರಿಗಾಗಿ ಯಾರೋ ಅಡಿಯಲ್ಲಿ ಬರೆದಿದ್ದಾರೆ,
ಜೊತೆಗೆ ಮೂರು ಕೆಂಪು ಮುಖ.

ರಾತ್ರಿ ಒಂಬತ್ತೂವರೆಗೆ ಮಾಲಕರ ಫೋನು.
ನಾನು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ.
"ಮೂವತ್ತು ವರ್ಷದ ಹೆಸರು ಮಾರಾಯ್ರೆ,
ಬೆಳಿಗ್ಗೆ ಪೇಪರಿನವರು ಬರುವ ಮೊದಲು ಎಂಥಾದರೂ ಮಾಡಿ."
ಎಡಗೈಯಲ್ಲೇ ಟೈಪು ಮಾಡಿದೆ.
'ಅಚಾತುರ್ಯ' ಹಾಕಿದೆ, 'ತಪ್ಪು' ಬೇಡ.
'ವಿಷಾದಿಸುತ್ತದೆ' ಹಾಕಿದೆ. ಯಾರು ಎಂದು ಕೇಳಿದರೆ
ಸಂಸ್ಥೆ. ಸಂಸ್ಥೆಗೆ ಮುಖವಿಲ್ಲ, ಕೆಂಪಾಗುವುದಿಲ್ಲ.
'ಸಂಬಂಧಪಟ್ಟ ಸಿಬ್ಬಂದಿಯನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ.'
ಬಿಡುಗಡೆ! ಎಂಥ ಚಂದದ ಶಬ್ದ,
ಜೈಲಿನಿಂದ ಮನೆಗೆ ಕಳಿಸಿದ ಹಾಗೆ.
ಮುಳ್ಳು ಬಿಡಿಸಿದ ಮೀನು, ಮುಳ್ಳು ಬಿಡಿಸಿದ ವಾಕ್ಯ,
ಎರಡೂ ಗಂಟಲಲ್ಲಿ ಸಲೀಸಾಗಿ ಇಳಿದವು.

ಮುಂದಿನ ವಾರ ಹಂಪನಕಟ್ಟೆಯ ಹೋಟೆಲೊಂದರ ಮಾಳಿಗೆಯಲ್ಲಿ
ನಲವತ್ತೆರಡು ಕಂಡಕ್ಟರರಿಗೆ ತರಬೇತಿ.
ಗೋಳಿಬಜೆಯ ಎಣ್ಣೆ ಕೈ, ತೊಡೆಯ ಮೇಲೆ ಹೊಸ ನೋಟ್‌ಪುಸ್ತಕ.
ಪರದೆಯ ಮೇಲೆ ನನ್ನ ಮೊದಲ ಪುಟ:
ದನಿ ತಗ್ಗಿದಷ್ಟೂ ಘನತೆ.
"ಎಲ್ಲರೂ ಹೇಳಿ, ದಯವಿಟ್ಟು ಇಳಿಯಿರಿ."
ಸ್ಟೇಟ್‌ಬ್ಯಾಂಕಿನ ಗದ್ದಲವನ್ನು ದಿನಾ ಸೀಳುವ ಗಂಟಲುಗಳು
ಪಿಸುಗುಟ್ಟಿದವು.
"ಇಂಜಿನ್ನಿಗೂ ದಯವಿಟ್ಟು ಕಲಿಸ್ತೀರಾ ಮೇಡಂ?"
ಹಿಂದಿನ ಸಾಲಿನಿಂದ ಯಾರೋ.
ಒಳ್ಳೆಯ ಪ್ರಶ್ನೆ, ಅಂದೆ.
ಉತ್ತರವಿಲ್ಲದಾಗ ನಾವು ಹಾಗೆನ್ನುತ್ತೇವೆ.

ತಿಂಗಳಾದ ಮೇಲೆ, ವರದಿಗೆಂದು ಬಸ್ಸು ಹತ್ತಿದೆ.
ದೂರುಗಳು: ಸೊನ್ನೆ. ಬರೆದಾಗಿತ್ತು.
ಪಂಪ್‌ವೆಲ್ ದಾಟಿತು. ಹೊಸ ಹುಡುಗ, ಇಸ್ತ್ರಿಯ ಗೆರೆ,
ಕಲಿಸಿದ ಹಾಗೇ ಮೆಲ್ಲಗೆ: "ನಾಗುರಿ, ದಯವಿಟ್ಟು."
ಮೂರನೇ ಸೀಟಿನ ಮುದುಕಿ ಅಲ್ಲಾಡಲಿಲ್ಲ.
ತೊಡೆಯ ಮೇಲೆ ಬೀಡಿ ಎಲೆಯ ಕಟ್ಟು, ಹೊಗೆಸೊಪ್ಪಿನ ವಾಸನೆ.
ಪಡೀಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಾಚೆ ನೋಡಿ ಗಾಬರಿಬಿದ್ದಳು,
ಇಳಿದು, ಕಟ್ಟನ್ನು ತಲೆಗೇರಿಸಿ
ಬಂದ ದಾರಿಗೇ ನಡೆಯತೊಡಗಿದಳು.

"ದಿನಾ ಹೀಗೇ," ಅಂದ ಡ್ರೈವರು, ರಸ್ತೆಯನ್ನೇ ನೋಡುತ್ತ.
"ಗುಲಾಬಿಯಕ್ಕನಿಗೆ ಎರಡೂ ಕಿವಿ ಮಂದ.
ದಯಾನಂದ ಇದ್ದಾಗ ಹತ್ತಿರ ಹೋಗಿ ಬೊಬ್ಬೆ ಹೊಡೀತಿದ್ದ,
ಕಟ್ಟನ್ನು ತಾನೇ ಇಳಿಸಿ ಕೊಡ್ತಿದ್ದ.
ವಿಡಿಯೊದಲ್ಲಿ ಅದು ಹನ್ನೆರಡನೇ ಸೆಕೆಂಡು ಮೇಡಂ."

ದಯವ ಇಟ್ಟರೆ ದಯವಿಟ್ಟು.
ದಯನ ಬಿಟ್ಟರೂ ಕಿವಿಗೆ
ಹೆಚ್ಚುಕಡಿಮೆ ಅದೇ.

ಮಾಲಕರಿಗೆ ಹೇಳಿದೆ.
"ಈಗ ಎಲ್ಲ ತಣ್ಣಗಾಗಿದೆ, ಕೆದಕುವುದು ಬೇಡ."
ಹಿಂದೊಮ್ಮೆ ಅವರಿಗೆ ನಾನೇ ಕಲಿಸಿದ ವಾಕ್ಯ.
ಶುಲ್ಕ ತೆಗೆದುಕೊಂಡು.

ಮರುದಿನ ಮತ್ತೆ ಅದೇ ಬಸ್ಸು, ಅದೇ ಮೂರನೇ ಸೀಟು.
ನಾಗುರಿ ಬಂತು. ಹುಡುಗನ ತುಟಿ ಅಲ್ಲಾಡಿತು.
ನಾನು ಎದ್ದೆ. ಇಪ್ಪತ್ತು ವರ್ಷ ತಗ್ಗಿಸಿ ತಗ್ಗಿಸಿ ಪಳಗಿಸಿದ ದನಿ
ಮೊದಲು ಬರೀ ಕೆಮ್ಮಿತು. ಆಮೇಲೆ:
"ಗುಲಾಬಿಯಕ್ಕಾ! ಜಪ್ಪುಲೆ!"

ಬಸ್ಸಿಗೆ ಬಸ್ಸೇ ತಿರುಗಿತು.
ಎದುರಿನ ಸೀಟಿನ ಹುಡುಗಿಯ ಮೊಬೈಲು
ಮೆಲ್ಲಗೆ ಮೇಲೆದ್ದಿತು.

ಕೇಳಿಸಿತು ಅವಳಿಗೆ.
ಕಟ್ಟು ಎತ್ತಿಕೊಂಡು, ಬೊಚ್ಚು ಬಾಯಿ ಅಗಲಿಸಿ ನಗುತ್ತ
ನೋಡಿದಳು. ನನ್ನನ್ನಲ್ಲ,
ಫುಟ್‌ಬೋರ್ಡಿನ ಕಡೆ.